ಅಗ್ಗದ ನಾಡು ಯಾರಿಗೆ ಅಗ್ಗ?

ದೊಡ್ಡ ಸಂಬಳದ ದುಬಾರಿ ಊರು ಮೇಲೋ, ಸಣ್ಣ ಸಂಬಳದ ಅಗ್ಗದ ಊರು ಮೇಲೋ? ಈ ಲೆಕ್ಕಾಚಾರ ಇಂದು ನಿನ್ನೆಯದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಎರಡೂ ಬಗೆಯ ನಾಡುಗಳನ್ನು ಕಣ್ಣಾರೆ ಕಂಡು, ಬೆಲೆಗಳ ಸಮೇತ ಹೇಳಿಟ್ಟವನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ. ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನೂ ನೋಡಿ ಹೋದವನು ಅವನು.

1334ರ ಸುಮಾರಿಗೆ ಅವನು ದಿಲ್ಲಿ ತಲುಪಿದ. ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಖಾಜಿಯಾಗಿ ನೇಮಿಸಿದ. ವರ್ಷಕ್ಕೆ 12,000 ಬೆಳ್ಳಿ ದೀನಾರ್ ಸಂಬಳ. ಆದರೆ ಆ ಹೊತ್ತಿಗೆ ಅವನ ತಲೆಯ ಮೇಲಿದ್ದ ಸಾಲ 55,000 ದೀನಾರ್! ಪ್ರಯಾಣದ ಖರ್ಚು, ಸುಲ್ತಾನನಿಗೆ ಕಾಣಿಕೆ, ದಿಲ್ಲಿಯ ವಾಸ, ಎಲ್ಲಕ್ಕೂ ವರ್ತಕರಿಂದ ಹಣ ತಂದಿದ್ದ. ಕೊನೆಗೆ ಸುಲ್ತಾನನೇ ಕೈಹಿಡಿಯಬೇಕಾಯಿತು. ರಾಜಧಾನಿಯಲ್ಲಿ ಸಂಬಳ ದೊಡ್ಡದು ನಿಜ. ಆ ಸಂಬಳದ ಸ್ಥಾನಕ್ಕೆ ಏರಲು, ಏರಿದ ಮೇಲೆ ಉಳಿಯಲು ಆಗುವ ಖರ್ಚೂ ದೊಡ್ಡದೇ.

1346ರ ಸುಮಾರಿಗೆ ಅವನು ಬಂಗಾಳಕ್ಕೆ ಹೋದ. ಇಷ್ಟು ಅಗ್ಗದ ನಾಡನ್ನು ಪ್ರಪಂಚದಲ್ಲಿ ಎಲ್ಲಿಯೂ ಕಾಣಲಿಲ್ಲ ಎಂದು ಬೆರಗಾದ. ಒಂದು ಬೆಳ್ಳಿ ದೀನಾರಿಗೆ ದಿಲ್ಲಿಯ ತೂಕದ 25 ರತಲ್ ಅಕ್ಕಿ. ದಿಲ್ಲಿಯ ರತಲ್ ಸಣ್ಣ ತೂಕವಲ್ಲ, ಅವನ ನಾಡಿನ 20 ರತಲ್‌ಗಳಿಗೆ ಸಮ. ಮೂರು ದೀನಾರಿಗೆ ಕರೆಯುವ ಹಸು. ಒಂದು ದಿರ್ಹಮಿಗೆ ಎಂಟು ಕೊಬ್ಬಿದ ಕೋಳಿ. ಖುರಾಸಾನಿನಿಂದ ಬಂದವರು ಆ ನಾಡನ್ನು ‘ಐಶ್ವರ್ಯ ತುಂಬಿದ ನರಕ’ ಎಂದು ಕರೆಯುತ್ತಿದ್ದರಂತೆ. ತೇವದ ಹವೆ ಅವರಿಗೆ ನರಕ, ತುಂಬಿದ ಪೇಟೆ ಐಶ್ವರ್ಯ.

ಇದೆಲ್ಲದರ ನಡುವೆ ಅವನು ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ. ಅಕ್ಕಿಯ ಆ ಬೆಲೆಯನ್ನೇ ಅಲ್ಲಿಯ ಜನ ದುಬಾರಿ ಎನ್ನುತ್ತಿದ್ದರು!

ಅದೇ ಅಕ್ಕಿ, ಅದೇ ಪೇಟೆ. ದಿಲ್ಲಿಯ ಬೆಳ್ಳಿ ನಾಣ್ಯ ಕಂಡವನಿಗೆ ಅಗ್ಗ, ಬೆಳೆದವನಿಗೆ ದುಬಾರಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಲ್ಲಿಯ ನದಿ ದಂಡೆಯ ಜನರ ಬೆಳೆಯಲ್ಲಿ ಅರ್ಧ ಪಾಲು ಸರ್ಕಾರಕ್ಕೆ ಹೋಗುತ್ತಿತ್ತು, ಮೇಲೆ ಬೇರೆ ತೆರಿಗೆ ಎಂದೂ ಅವನೇ ಹೇಳುತ್ತಾನೆ. ಆ ಪೇಟೆಯಲ್ಲಿ ಕೋಳಿ, ಹಸುಗಳಂತೆ ಗುಲಾಮರಿಗೂ ಬೆಲೆಯಿತ್ತು, ಅದೂ ಅಗ್ಗವೇ. ಮನುಷ್ಯನ ದುಡಿಮೆಯೇ ಅಗ್ಗವಾಗಿರುವಲ್ಲಿ ಅಕ್ಕಿ ದುಬಾರಿಯಾಗುವುದು ಹೇಗೆ?

ಅದಕ್ಕೂ ಮುಂಚೆ ದಿಲ್ಲಿಯನ್ನೇ ಅಗ್ಗದ ಊರಾಗಿಸಿದವನು ಅಲಾಉದ್ದೀನ್ ಖಿಲ್ಜಿ (1296-1316). 1303ರಲ್ಲಿ ಮಂಗೋಲರು ದಿಲ್ಲಿಗೆ ಮುತ್ತಿಗೆ ಹಾಕಿದ್ದರು. ದೊಡ್ಡ ಸೈನ್ಯ ಬೇಕು, ಆದರೆ ಖಜಾನೆ ಬರಿದಾಗಬಾರದು. ಸವಾರನಿಗೆ ವರ್ಷಕ್ಕೆ 234 ಟಂಕ ಗೊತ್ತುಪಡಿಸಿ, ಆ ಸಂಬಳದಲ್ಲಿ ಅವನು ಬದುಕುವಂತೆ ಗೋಧಿ ಮಣಕ್ಕೆ ಏಳೂವರೆ ಜಿತಲ್, ಅಕ್ಕಿ ಐದು ಜಿತಲ್ ಎಂದು ಕಟ್ಟು ಮಾಡಿದ. ಚರಿತ್ರಕಾರ ಜಿಯಾಉದ್ದೀನ್ ಬರನಿ ಇದನ್ನು ವಿವರವಾಗಿ ಬರೆದಿದ್ದಾನೆ. ದಿಲ್ಲಿಯ ಕಣಜ ತುಂಬಿದ್ದು ದೋಆಬಿನ ರೈತನ ಅರ್ಧ ಬೆಳೆಯಿಂದ. ಸುಲ್ತಾನ ತೀರಿದ ಮೇಲೆ ಕಟ್ಟಳೆ ಸಡಿಲಿತು. ಬೆಲೆಯೂ ಏರಿತು, ಕೂಲಿಯೂ ಏರಿತು. ನಗರದ ಅಗ್ಗದ ರೊಟ್ಟಿಯ ಹಿಂದೆ ಹಳ್ಳಿಯ ಯಾರದೋ ಖಾಲಿ ತಟ್ಟೆ ಇತ್ತೆಂಬುದನ್ನು ಮರೆಯಬಾರದು.

ಇಂದು ಸರ್ಕಾರವೂ ಊರೂರಿನ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆ ಬೆಂಗಳೂರಿನಂಥ ಮಹಾನಗರಗಳಲ್ಲಿ ಮೂಲವೇತನದ ಶೇ. 30, ಮೈಸೂರು, ಕಲಬುರಗಿಯಂಥ ನಗರಗಳಲ್ಲಿ ಶೇ. 20, ಸಣ್ಣ ಊರುಗಳಲ್ಲಿ ಶೇ. 10 ಆಯಿತು. ಆದರೆ ಆ ನೌಕರನ ಮನೆಯ ಪಾತ್ರೆ ತೊಳೆಯುವ ಹೆಂಗಸಿಗೆ, ಅವನ ಬೀದಿಯ ತರಕಾರಿ ಗಾಡಿಯವನಿಗೆ ಯಾವ ಭತ್ಯೆ?

ಆದ್ದರಿಂದ ಊರಿಗೆ ಊರನ್ನು ಹೋಲಿಸುವಾಗ ಬೆಲೆಪಟ್ಟಿಯೊಂದೇ ಸಾಲದು. ಅಲ್ಲಿಯೇ ದುಡಿದು ಅಲ್ಲಿಯೇ ಉಣ್ಣುವವನು ಒಂದು ದಿನದ ಕೂಲಿಯಲ್ಲಿ ಎಷ್ಟು ಸೇರು ಅಕ್ಕಿ ತರುತ್ತಾನೆ ಎಂದು ಕೇಳಬೇಕು. ಇಬ್ನ್ ಬತೂತನ ಕಿವಿಗೆ ಬಿದ್ದ ಬಂಗಾಳಿಯ ಗೊಣಗಾಟ ಏಳು ಶತಮಾನಗಳ ಹಿಂದೆಯೇ ಹೇಳಿದ್ದು ಅದನ್ನೇ.