ಬೆಂಕಿಕಡ್ಡಿಯ ಮನೆ, ಮರಳಿನ ಬೋಗುಣಿ

ಶಾಲೆಯ ವಿಜ್ಞಾನ ಪ್ರದರ್ಶನವೆಂದರೆ ಒಂದು ಜ್ವಾಲಾಮುಖಿ ಇರಲೇಬೇಕು: ಅಡುಗೆ ಸೋಡಾ, ವಿನೆಗರ್, ಕೆಂಪು ಬಣ್ಣ. ನೊರೆ ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ. ಇಲ್ಲಿ ಬರ್ ದುಬೈಯಲ್ಲಿರುವ ಮಕ್ಕಳಿಗೆ ಇದರಿಂದ ಏನು ಸಿಕ್ಕಿತು? ಇಲ್ಲಿನವರನ್ನು ಬೆಚ್ಚಿಬೀಳಿಸಿದ್ದೇ ಬೇರೆ. 2013ರ ಏಪ್ರಿಲ್ 16ರಂದು ಇರಾನ್‌ನ ಸರವಾನ್ ಬಳಿ 7.7 ತೀವ್ರತೆಯ ಭೂಕಂಪವಾದಾಗ ದುಬೈಯ ಗೋಪುರಗಳು ತೂಗಿ ಜನ ರಸ್ತೆಗಿಳಿದರು. 2024ರಲ್ಲಿ, ಕಾಕತಾಳೀಯವೋ ಏನೋ, ಅದೇ ಏಪ್ರಿಲ್ 16ಕ್ಕೆ ಮಹಾಮಳೆ. ಅಲ್ ಐನ್ ಬಳಿಯ ಖತಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿ.ಮೀ. ಸುರಿಯಿತು. 1949ರಲ್ಲಿ ಲೆಕ್ಕ ಶುರುವಾದ ಮೇಲಿನ ಅತಿ ದೊಡ್ಡ ಮಳೆಗಳಲ್ಲಿ ಇದೂ ಒಂದು.

ಜಪಾನಿನ ಮಕ್ಕಳಿಗೆ ಅಪಾಯದ ಪಾಠ ಮೊದಲು ಕಥೆಯಾಗಿ ಬಂತು. 1854ರ ಸುನಾಮಿಯಲ್ಲಿ ಹುಲ್ಲಿನ ಮೆದೆಗೆ ಬೆಂಕಿಯಿಟ್ಟು ಊರವರಿಗೆ ದಾರಿ ತೋರಿದ ಹಮಾಗುಚಿ ಗೊರ್ಯೊ ಅವರ ಕಥೆ 1937ರಲ್ಲಿ ಜಪಾನಿನ ಪಠ್ಯಪುಸ್ತಕ ಸೇರಿತು. ಆಮೇಲೆ ಕವಾಯತು: 1923ರ ಕಾಂಟೊ ಭೂಕಂಪದ ನೆನಪಿಗೆ ಸೆಪ್ಟೆಂಬರ್ 1 ಅನ್ನು ಅಲ್ಲಿ 1960ರಲ್ಲಿ ವಿಪತ್ತು ತಡೆ ದಿನವೆಂದು ಗೊತ್ತುಮಾಡಿದರು. ಮೇಜಿನಡಿ ಹೊಕ್ಕುವುದನ್ನು ಕವಾಯತು ಕಲಿಸುತ್ತದೆ. ಕಟ್ಟಡ ಏಕೆ ಬೀಳುತ್ತದೆಂದು ಅದು ಹೇಳುವುದಿಲ್ಲ.

ಅದಕ್ಕೆ ಕೈಗೆ ಕೆಲಸ ಕೊಡಬೇಕು. 1964ರ ಭೂಕಂಪದಲ್ಲಿ ಜಪಾನಿನ ನೀಗಾಟದ ಅಪಾರ್ಟ್‌ಮೆಂಟ್‌ಗಳು ಒಡೆಯದೆ ಇಡಿಯಾಗಿ ವಾಲಿದವು. ನೀರುಂಡ ಮರಳು ಅಲುಗಾಟಕ್ಕೆ ಅಂಬಲಿಯಾಗಿತ್ತು. ಇದನ್ನು ತೋರಿಸಲು ಬೋಗುಣಿಯಲ್ಲಿ ನೀರುಂಡ ಮರಳು, ಮೇಲೊಂದು ಕಲ್ಲು ಸಾಕು. ಬದಿ ತಟ್ಟುತ್ತಾ ಹೋದರೆ ಕಲ್ಲು ಇಳಿಯುತ್ತದೆ. ದುಬೈಯ ಕೃತಕ ದ್ವೀಪ ಪಾಮ್ ಜುಮೇರಾದ ಮರಳನ್ನು ಮೊದಲೇ ಯಂತ್ರದಿಂದ ನಡುಗಿಸಿ ಗಟ್ಟಿ ಮಾಡಿದ್ದೇಕೆಂದು ಬೇರೆ ವಿವರಿಸಬೇಕಿಲ್ಲ.

ನಮ್ಮ ಭಾರತದಲ್ಲಿ ಕೈಯಾರೆ ಮಾಡಿ ಕಲಿಯುವ ಈ ದಾರಿ ತೆರೆದದ್ದು 1972ರ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ. ಅಲ್ಲಿಗೆ 1978ರಲ್ಲಿ ಹೋದ ಅರವಿಂದ ಗುಪ್ತಾ ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್‌ಟ್ಯೂಬಿನಿಂದ ಜೋಡಿಸಿದರು. ಚೌಕ ಒತ್ತಿದರೆ ಓರೆಯಾಗುತ್ತದೆ. ತ್ರಿಕೋನ ಜಪ್ಪಯ್ಯ ಅಂದರೂ ಕದಲದು. ರೇಖಾಗಣಿತಕ್ಕೆಂದು ಹುಟ್ಟಿದ ಈ ಆಟಿಕೆಗಿಂತ ಅಗ್ಗವಾದ ಭೂಕಂಪ ಪಾಠ ನಾನು ಕಂಡಿಲ್ಲ. 2001ರ ಭುಜ್ ಭೂಕಂಪದ ಬಳಿಕ, 2003ರಲ್ಲಿ, ಸಿಬಿಎಸ್‌ಇ 8ನೇ ತರಗತಿಗೆ ವಿಪತ್ತು ನಿರ್ವಹಣೆ ತಂದಿತು. ಪಾಠವೇನೋ ಬಂತು, ಹೆಚ್ಚಾಗಿ ಬಾಯಿಪಾಠವಾಗಿ.

ಮಳೆಯ ಪಾಠ ಇನ್ನೂ ಸುಲಭ. ಎರಡು ಟ್ರೇ: ಒಂದರಲ್ಲಿ ಸಡಿಲ ಮರಳು, ಇನ್ನೊಂದರಲ್ಲಿ ಟೈಲ್ಸ್. ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಿಂದ ಎರಡಕ್ಕೂ ಒಂದೇ ಅಳತೆಯ ನೀರು. ಒಂದು ಕುಡಿಯುತ್ತದೆ, ಇನ್ನೊಂದು ತುಂಬಿ ನಿಲ್ಲುತ್ತದೆ. ಕನ್ನಡದ ಮಕ್ಕಳಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಹಾಕಬಹುದು: ಆಗುಂಬೆಯ ಆಷಾಢದಲ್ಲಿ 250 ಮಿ.ಮೀ. ಬಿದ್ದರೆ ಯಾರೂ ಹುಬ್ಬೇರಿಸರು, ಇಲ್ಲಿ ಊರೇ ನಿಂತಿತೇಕೆ? ನೀರು ಹರಿದುಹೋಗಲು ಅಲ್ಲಿ ಇಳಿಜಾರು, ಹಳ್ಳಗಳಿವೆ. ಇಲ್ಲಿ ಡಾಂಬರು, ಬೇಸ್‌ಮೆಂಟು.

ಇನ್ನು ಸೆಕೆ. ಪ್ರತಿವರ್ಷ ಬರುವುದರಿಂದಲೋ ಏನೋ, ಅದನ್ನು ವಿಪತ್ತಿನ ಪಟ್ಟಿಗೆ ಸೇರಿಸಲು ಪಠ್ಯಗಳು ಹಿಂಜರಿಯುತ್ತವೆ. ಬರ್ ದುಬೈಯ ಅಲ್ ಫಹಿದಿಯಲ್ಲಿ ಇರಾನಿನ ಬಸ್ತಕ್‌ನಿಂದ ಬಂದವರು ಸೆಕೆ ತಣಿಸಲು ಕಟ್ಟಿದ ಗಾಳಿಗೋಪುರಗಳು, ಬರ್ಜೀಲ್‌ಗಳು, ಇನ್ನೂ ಇವೆ. ಅವುಗಳ ಮಾದರಿಗೆ ರಟ್ಟಿನ ಡಬ್ಬಿಯ ಮೇಲೆ ಚೌಕ ಚಿಮಣಿ ನಿಲ್ಲಿಸಿ, ಒಳಗೆ ಎಕ್ಸ್ ಆಕಾರದ ಅಡ್ಡಗೋಡೆ ಇಟ್ಟು, ನಾಲ್ಕೂ ಬದಿಗೆ ಕಿಂಡಿ ಕೊರೆಯಬೇಕು. ದೊಡ್ಡವರೊಬ್ಬರು ಊದುಬತ್ತಿ ಹಿಡಿದು, ಎದುರಿಗೆ ಟೇಬಲ್ ಫ್ಯಾನ್ ಹಾಕಿದರೆ ಹೊಗೆ ಒಂದು ಕಡೆಯಿಂದ ಇಳಿದು ಇನ್ನೊಂದು ಕಡೆ ಏರುವುದು ಕಾಣುತ್ತದೆ. ಫ್ಯಾನಿನ ದಿಕ್ಕು ಬದಲಿಸಲು ಮಕ್ಕಳಿಗೇ ಬಿಡಿ. ನಾಲ್ಕು ಕಿಂಡಿ ಏಕೆಂದು ಅವರೇ ಹೇಳುತ್ತಾರೆ.