ಹೆಸರು ಬದಲಾಯ್ತು, ಹೆದರಿಕೆ?

ಬೆಂಗಳೂರಲ್ಲಿ ಒಂದು ಹಳೇ ಜೋಕಿದೆ. ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದ್ರೆ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ" ಅಂತ ನಗ್ತೀವಿ. ವಾರಗಟ್ಟಲೆ ನಿದ್ದೆ ಇಲ್ಲದೆ, ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತಿರೋ ಗೆಳೆಯನೂ ಅದನ್ನ ಕೇಳಿಸ್ಕೊಳ್ತಾನೆ. ಡಾಕ್ಟರ ಹತ್ರ ಹೋಗೋದನ್ನ ಮತ್ತೊಂದು ತಿಂಗಳು ಮುಂದಕ್ಕೆ ಹಾಕ್ತಾನೆ. ಈ ಹೆದರಿಕೆಗೂ ಒಂದು ಇತಿಹಾಸ ಇದೆ.

ಹತ್ತೊಂಬತ್ತನೇ ಶತಮಾನದ ನಡುವೆ ಬೆಂಗಳೂರಲ್ಲಿ ಶುರುವಾದದ್ದು 'ಲೂನಾಟಿಕ್ ಅಸೈಲಂ'. ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಅದನ್ನು 'ಮೆಂಟಲ್ ಹಾಸ್ಪಿಟಲ್' ಎಂದು ಕರೆಯಿತು. 1930ರ ದಶಕದಲ್ಲಿ ಆಸ್ಪತ್ರೆ ಈಗಿನ ಹೊಸೂರು ರಸ್ತೆಯ ಜಾಗಕ್ಕೆ ಬಂತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಖಿನ್ನತೆಗೆ ಕೆಲಸ ಮಾಡುವ ಮೊದಲ ಮಾತ್ರೆಗಳು ಬಂದದ್ದೇ 1950ರ ದಶಕದ ಕೊನೆಗೆ. ಅಂದ್ರೆ ಹುಚ್ಚಾಸ್ಪತ್ರೆ ಬಂದು ನೂರು ವರ್ಷ ಆದಮೇಲೆ ಔಷಧಿ ಬಂತು! ನಮ್ಮ ಮುತ್ತಜ್ಜಂದಿರು ಹೆದರಿದ್ದರಲ್ಲಿ ತಪ್ಪೇನಿಲ್ಲ. ಔಷಧಿ ಬಂದಮೇಲೂ ಆ ಹೆದರಿಕೆಯನ್ನ ನಾವು ಪಿತ್ರಾರ್ಜಿತ ಆಸ್ತಿ ಥರ ಕಾಪಾಡ್ಕೊಂಡು ಬಂದಿದ್ದೇವೆ, ಅದೇ ಸಮಸ್ಯೆ.

ಆಸ್ಪತ್ರೆ ಮಾತ್ರ ಗೋಡೆ ದಾಟಿ ಆಚೆ ಬಂತು. 1970ರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ, 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಮನಸ್ಸಿನ ಕಾಯಿಲೆ ಗುರುತಿಸಿ ಔಷಧಿ ಕೊಡಬಹುದು ಅಂತ ತೋರಿಸಿದರು. ಬಳ್ಳಾರಿಯ ಮಾದರಿಯೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯ್ತು.

ಆದರೂ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ ನೋಡಿ: ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಒಂದು ಕಾರಣ, ಅದು ಗುರುತೇ ಸಿಗಲ್ಲ. ನಮ್ಮಲ್ಲಿ ಖಿನ್ನತೆ ಅಳ್ತಾ ಬರೋದಕ್ಕಿಂತ "ಮೈಕೈ ನೋವು, ಸುಸ್ತು, ಊಟ ಸೇರಲ್ಲ" ಅಂತ ಬರೋದೇ ಜಾಸ್ತಿ. ಬಿ12 ಟೆಸ್ಟು, ಥೈರಾಯ್ಡ್ ಟೆಸ್ಟು ಎಲ್ಲ ಆಗುತ್ತೆ, "ಮನಸ್ಸು ಹೇಗಿದೆ?" ಅಂತ ಯಾರೂ ಕೇಳಲ್ಲ. ಎರಡು ವಾರ ಹೆಚ್ಚುಕಮ್ಮಿ ದಿನವಿಡೀ ಬೇಸರ, ಇಷ್ಟದ ಕೆಲಸದಲ್ಲೂ ಆಸಕ್ತಿ ಇಲ್ಲ, ನಿದ್ದೆ-ಹಸಿವು ಏರುಪೇರು, 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಅನ್ನೋ ಯೋಚನೆ ಇದ್ದರೆ ಅದು ಸೋಮಾರಿತನ ಅಲ್ಲ. ಡಾಕ್ಟರನ್ನ ನೋಡಬೇಕಾದ ಹೊತ್ತು. ಸಾಯುವ ಯೋಚನೆ ಬಂದಿದ್ರೆ ಎರಡು ವಾರ ಕಾಯೋದೇ ಬೇಡ, ಇವತ್ತೇ.

ಆಫೀಸಿಗೆ ಗೊತ್ತಾದ್ರೆ ಅನ್ನೋರಿಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಸೈಲಂ ಹೋಗಿ ನಿಮ್ಹಾನ್ಸ್ ಆಗೋಕೆ ನೂರು ವರ್ಷಕ್ಕೂ ಜಾಸ್ತಿ ಬೇಕಾಯ್ತು. ಆ ಜೋಕು ಬಿಡೋಕೆ ನಮಗೆ ಅಷ್ಟು ಟೈಮ್ ಬೇಕಾಗಿಲ್ಲ.