ಕಾವೇರಿಯ ಮೀನಿಗೊಂದು ಹೆಸರು

ಒಂದೇ ಮೀನನ್ನು ಹೊಳೆಯ ಮೇಲ್ದಂಡೆಯವರು ಒಂದು ಹೆಸರಿನಿಂದ ಕರೆದರೆ ಕೆಳದಂಡೆಯವರು ಇನ್ನೊಂದು ಹೆಸರಿನಿಂದ ಕರೆಯುತ್ತಾರೆ. ಎರಡು ಬೇರೆ ಮೀನುಗಳಿಗೆ ಒಂದೇ ಹೆಸರಿರುವುದೂ ಉಂಟು. ಈ ತೊಡಕನ್ನು ಬಿಡಿಸಲೆಂದೇ ಸ್ವೀಡನ್ನಿನ ಲಿನೀಯಸ್, ಮೊದಲು ಜಾತಿಯ ಹೆಸರು, ಬಳಿಕ ಪ್ರಭೇದದ ಹೆಸರು ಎಂಬ ಜೋಡಿ ಪದಗಳ ಪದ್ಧತಿಯನ್ನು ನೆಲೆಗೊಳಿಸಿದನು. ಪ್ರಾಣಿಗಳ ನಾಮಕರಣಕ್ಕೆ 1758ರಲ್ಲಿ ಪ್ರಕಟವಾದ ಅವನ ಗ್ರಂಥದ ಆವೃತ್ತಿಯೇ ಮೊದಲ ಮೆಟ್ಟಿಲು.

ನಮ್ಮ ನದಿಗಳ ಮೀನುಗಳಿಗೆ ಈ ಸಂಸ್ಕಾರ ಮಾಡಿದವರಲ್ಲಿ ಫ್ರಾನ್ಸಿಸ್ ಬುಕಾನನ್ ಪ್ರಮುಖನು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಆ ಪ್ರವಾಸಿ ಕನ್ನಡಿಗರಿಗೆ ಅಪರಿಚಿತನಲ್ಲ. ಮುಂದೆ ಬಂಗಾಳದ ಸಮೀಕ್ಷೆಗೆ ನೇಮಕಗೊಂಡಾಗ ಗಂಗೆಯ ಮೀನುಗಳನ್ನು ಕಲೆಹಾಕಿದನು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ಬರೆಸಿದ್ದ ಚಿತ್ರಗಳನ್ನು ಸರ್ಕಾರದ ಆಜ್ಞೆಯಂತೆ ಕಲ್ಕತ್ತೆಯಲ್ಲಿಯೇ ಬಿಡಬೇಕಾಯಿತು. ಆದರೂ 1822ರಲ್ಲಿ ಅವನ ಗ್ರಂಥ ಎಡಿನ್‌ಬರೋದಲ್ಲಿ ಹೊರಬಂದಿತು. ಅಷ್ಟರಲ್ಲಿ ಅವನು ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ್ದನು.

ಹ್ಯಾಮಿಲ್ಟನ್ನನ ಹಿರಿಮೆಯೆಂದರೆ, ಅವನು ಬೆಸ್ತರ ಮಾತನ್ನು ಕಡೆಗಣಿಸಲಿಲ್ಲ. ರೋಹಿತ, ಕಾಟ್ಲಾ, ಮೃಗಾಲ ಮೊದಲಾದ ನಾಡಿನ ಮಾತುಗಳೇ ಶಾಸ್ತ್ರದ ಹೆಸರುಗಳಾದವು. ಮಹಶೀರ್ ಬಳಗದ ಒಂದು ಮೀನಿಗೆ ಅವನಿಟ್ಟ ‘ಟಾರ್’ ಎಂಬ ಹೆಸರು ಮುಂದೆ ಜಾತಿಯ ಹೆಸರೇ ಆಯಿತು. 1839ರಲ್ಲಿ ಸೈಕ್ಸ್ ಪುಣೆಯ ಕಡೆಯ ಮಹಶೀರಿಗೆ ‘ಖುದ್ರಿ’ ಎಂದು ಕರೆದುದೂ ಇದೇ ಜಾಡಿನಲ್ಲಿ.

ಆದರೆ ಕಾವೇರಿಯ ಮಹಶೀರಿಗೆ ಈ ಭಾಗ್ಯ ಬೇಗ ಒದಗಲಿಲ್ಲ. ಬೆನ್ನ ಮೇಲೆ ಡುಬ್ಬವುಳ್ಳ, ಕಿತ್ತಳೆ ಛಾಯೆಯ ಬಾಲದ ಈ ಮೀನು ಗಾಳದ ಬೇಟೆಗಾರರ ಕನಸಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಪಿಲೆಯಲ್ಲಿ ಹಿಡಿದುದು 120 ಪೌಂಡ್ ತೂಗಿತು. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನೊಳಗಿನ ಹಲ್ಲುಗಳಿಂದಲೇ ಅದು ಆಹಾರವನ್ನು ಅರೆಯುತ್ತದೆ. ಮೊಟ್ಟೆಯಿಡಲು ಅದಕ್ಕೆ ಹರಿಯುವ ತಿಳಿನೀರು, ಕಲ್ಲುಹರಳಿನ ತಳ ಬೇಕು. ಅಣೆಕಟ್ಟು ಅಡ್ಡಬಂದರೆ ದಾರಿಯೇ ಕಟ್ಟಿದಂತೆ.

ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರದ ಹೆಸರೊಂದು ಖಚಿತವಾಗಿರಲಿಲ್ಲ. ಮಹಶೀರೆಂದರೆ ಎಲ್ಲವೂ ಒಂದೇ ಎಂಬ ಭಾವನೆಯಿಂದ, 1970ರ ದಶಕದಿಂದೀಚೆಗೆ ಖುದ್ರಿಯ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಮಹಶೀರ್ ಹೆಚ್ಚಿತೆಂದು ಜನ ಹಿಗ್ಗಿದರು. ಹೆಚ್ಚಿದ್ದು ಹೊರಗಿನದು, ಡುಬ್ಬದ ಮೀನು ಕುಗ್ಗುತ್ತಲೇ ಹೋಯಿತು. ಹೆಸರಿಲ್ಲದುದರ ನಷ್ಟವನ್ನು ಬರೆದಿಡಲು ಯಾವ ಲೆಕ್ಕದ ಪುಸ್ತಕದಲ್ಲಿ ಸ್ಥಳವಿದ್ದೀತು?

ಈ ನಡುವೆ ಕೇರಳದ ಚಿನ್ನಾರ್ ಅಭಯಾರಣ್ಯದ ಪಾಂಬಾರಿನಲ್ಲಿ ದೊರೆತ ಎಳೆಯ ಮೀನುಗಳಿಗೆ ವಿಜ್ಞಾನಿಗಳು, ಮತ್ಸ್ಯಶಾಸ್ತ್ರಜ್ಞೆ ರೇಮಾದೇವಿಯವರ ಗೌರವಾರ್ಥ, ‘ಟಾರ್ ರೇಮಾದೇವಿ’ ಎಂದು ಹೆಸರಿಟ್ಟಿದ್ದರು. ಪಾಂಬಾರಿನ ನೀರೂ ಕೊನೆಗೆ ಸೇರುವುದು ಕಾವೇರಿಯನ್ನೇ. ಡುಬ್ಬದ ಮೀನೂ ಇದೂ ಒಂದೇ ಎಂದು 2018ರಲ್ಲಿ ನಿರ್ಧಾರವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ಅಂಚಿನಲ್ಲಿರುವ ಜೀವಿಯೆಂದು ಸೇರಿತು.

ಹೆಸರಿಡುವುದು ವಿದ್ವಾಂಸರ ವಿಲಾಸವಲ್ಲ. ಗುರುತಿಸಿದ್ದನ್ನೇ ನಾವು ಕಾಪಾಡಬಲ್ಲೆವು. ಕಾವೇರಿಯ ಈ ಕೂಸಿಗೆ ನಾಮಕರಣವೇನೋ ಆಯಿತು. ಇನ್ನು ತೊಟ್ಟಿಲು ಬರಿದಾಗದಂತೆ ನೋಡಿಕೊಳ್ಳುವ ಹೊಣೆ ಉಳಿದಿದೆ.